ಮಾಯದ ಗಾಯಕ್ಕೆ ಹಳೆಯ ಮದ್ದು

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಕಾಗದ ವಿಶೇಷವಾದ ಭೀತಿಯನ್ನು ಹುಟ್ಟಿಸುತ್ತಿದೆ. ಅದು ಪ್ರಯೋಗಾಲಯದಿಂದ ಬರುವ ಕೀವಿನ ಪರೀಕ್ಷೆಯ ವರದಿ. ಸೊಂಟದ ಕೆಳಗಿನ ಹಾಸಿಗೆ ಹುಣ್ಣಾಗಲಿ, ಮಧುಮೇಹದಿಂದ ಪಾದದಲ್ಲಿ ಉಂಟಾದ ವ್ರಣವಾಗಲಿ ತಿಂಗಳುಗಟ್ಟಲೆ ಮಾಯದೆ ಉಳಿದಾಗ ವೈದ್ಯರು ಹತ್ತಿಯ ಕಡ್ಡಿಯಲ್ಲಿ ಕೀವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಎರಡು ಮೂರು ದಿನಗಳ ಬಳಿಕ ಬರುವ ವರದಿಯಲ್ಲಿ ಹತ್ತು ಹದಿನೈದು ಔಷಧಗಳ ಹೆಸರುಗಳಿದ್ದು, ಬಹುಪಾಲು ಹೆಸರುಗಳ ಮುಂದೆ ‘ಆರ್’ ಎಂಬ ಅಕ್ಷರ ಅಚ್ಚಾಗಿರುತ್ತದೆ. ಆ ಔಷಧವನ್ನು ಈ ರೋಗಾಣು ಲೆಕ್ಕಿಸುವುದಿಲ್ಲ ಎಂದು ಅದರ ಅರ್ಥ. ಪಟ್ಟಿಯ ಕೊನೆಯಲ್ಲಿ ಒಂದೋ ಎರಡೋ ಔಷಧಗಳು ಮಾತ್ರ ಉಳಿದಿರುತ್ತವೆ. ಅವು ರಕ್ತನಾಳದ ಮೂಲಕವೇ ಕೊಡಬೇಕಾದವು, ದುಬಾರಿಯಾದವು. ಅವುಗಳಲ್ಲಿ ಕೊಲಿಸ್ಟಿನ್‌ನಂತಹವು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ಎಂಬತ್ತು ದಾಟಿದ, ಆಗಲೇ ಮೂತ್ರಪಿಂಡ ದುರ್ಬಲಗೊಂಡ ವ್ಯಕ್ತಿಗೆ ಅವನ್ನು ಕೊಡುವುದೋ ಬಿಡುವುದೋ ಎಂಬ ಪ್ರಶ್ನೆಯ ಮುಂದೆ ಮನೆಯವರು ಕಂಗಾಲಾಗಿ ನಿಲ್ಲುತ್ತಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದರೆ ದೂರವಾಣಿಯಲ್ಲಿ ಈ ಚರ್ಚೆ ಮಧ್ಯರಾತ್ರಿಯವರೆಗೂ ನಡೆಯುವುದುಂಟು.

ಈ ಸಂಕಟದಲ್ಲಿ ಬಹುಮಂದಿಗೆ ತಿಳಿಯದ ಒಂದು ಸಂಗತಿಯಿದೆ. ಆ ವರದಿ ಗಾಯದಲ್ಲಿ ಯಾವ ರೋಗಾಣು ವಾಸವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಅದು ರೋಗಿಗೆ ಅಪಾಯ ಮಾಡುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಬಹುಕಾಲ ತೆರೆದಿರುವ ಯಾವ ಗಾಯವೂ ರೋಗಾಣುರಹಿತವಾಗಿರುವುದಿಲ್ಲ. ಮೇಲ್ಮೈಯ ಕೀವನ್ನು ಒರೆಸಿ ಪರೀಕ್ಷಿಸಿದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ. ರೋಗಾಣು ಸುಮ್ಮನೆ ಬೀಡುಬಿಟ್ಟಿರುವುದು ಒಂದು ಸ್ಥಿತಿ. ಅದು ಸುತ್ತಲಿನ ಜೀವಂತ ಮಾಂಸವನ್ನು ಆಕ್ರಮಿಸುವುದು ಇನ್ನೊಂದು ಸ್ಥಿತಿ. ಮೊದಲನೆಯದಕ್ಕೆ ಆಂಟಿಬಯೋಟಿಕ್ ಎಂದು ನಾವೆಲ್ಲರೂ ಕರೆಯುವ ಪ್ರತಿಜೈವಿಕ ಔಷಧಗಳ ಅಗತ್ಯವಿಲ್ಲ. ಕಾಗದಕ್ಕೆ ಚಿಕಿತ್ಸೆ ನೀಡಬಾರದು, ರೋಗಿಗೆ ನೀಡಬೇಕು ಎಂದು ಅನುಭವಸ್ಥ ವೈದ್ಯರು ಹೇಳುವುದು ಇದನ್ನೇ.

ಅಗತ್ಯವಿದ್ದಾಗಲೂ ಇಂತಹ ಗಾಯಗಳಲ್ಲಿ ಆ ಔಷಧಗಳು ಏಕೆ ಸೋಲುತ್ತವೆ? ನುಂಗಿದ ಗುಳಿಗೆಯಾಗಲಿ, ಚುಚ್ಚಿದ ಮದ್ದಾಗಲಿ ರಕ್ತದ ಮೂಲಕವೇ ಗಾಯವನ್ನು ತಲುಪಬೇಕು. ರಕ್ತಸಂಚಾರ ಕ್ಷೀಣಿಸಿದ ಕಾಲಿಗೆ, ಭಾರದಿಂದ ಜಜ್ಜಿಹೋದ ಸೊಂಟದ ಮಾಂಸಕ್ಕೆ, ಮುಖ್ಯವಾಗಿ ಸತ್ತು ಬೂದುಬಣ್ಣಕ್ಕೆ ತಿರುಗಿದ ಪದರಕ್ಕೆ ರಕ್ತ ಹೋಗುವುದಿಲ್ಲ. ರಕ್ತ ಹೋಗದಲ್ಲಿಗೆ ಮದ್ದೂ ಹೋಗುವುದಿಲ್ಲ. ಎರಡನೆಯದಾಗಿ, ಹಳೆಯ ಗಾಯದಲ್ಲಿ ರೋಗಾಣುಗಳು ಬಿಡಿಬಿಡಿಯಾಗಿ ತೇಲಾಡುತ್ತಿರುವುದಿಲ್ಲ. ಕೆರೆಯ ಮೆಟ್ಟಿಲಿನ ಕಲ್ಲಿಗೆ ಪಾಚಿ ಕಟ್ಟುವ ಹಾಗೆ, ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ಅಡಗಿ ಕುಳಿತಿರುತ್ತವೆ. ಬಯೋಫಿಲ್ಮ್ ಎಂದು ಕರೆಯಲ್ಪಡುವ ಈ ಪದರವನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಹುಡುಕಿದಾಗ, ಬಹುಕಾಲದ 50 ಗಾಯಗಳಲ್ಲಿ 30ರಲ್ಲಿ ಅದು ಕಂಡುಬಂತು. ಹೊಸ ಗಾಯಗಳು 16 ಇದ್ದು, ಒಂದರಲ್ಲಿ ಮಾತ್ರ ಇತ್ತು. ಈ ಪಾಚಿಯೊಳಗಿನ ರೋಗಾಣು ನಿಧಾನಗತಿಯಲ್ಲಿ ಬದುಕುತ್ತದೆ. ಬೆಳೆಯುತ್ತಿರುವ ಜೀವಿಯನ್ನು ಗುರಿಯಾಗಿಸುವ ಔಷಧಗಳಿಂದ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಹೀಗೆ ಅರೆಬರೆ ಏಟು ತಿಂದು ಬದುಕುಳಿದದ್ದೇ ಮುಂದೆ ಪ್ರತಿರೋಧಶಕ್ತಿಯನ್ನು ಗಳಿಸಿದ ಸಂತತಿಯಾಗಿ ಬೆಳೆಯುತ್ತದೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಮರಣಗಳಿಗೆ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ಆದುದರಿಂದ ವೈದ್ಯರ ದೃಷ್ಟಿ ಪುನಃ ಹಳೆಯ ನಂಜುನಿವಾರಕ ದ್ರವಗಳ ಕಡೆಗೆ ಹೊರಳಿದೆ. ರಕ್ತದ ಹಂಗಿಲ್ಲದೆ ನೇರವಾಗಿ ಗಾಯದ ಮೇಲೆಯೇ ಹಚ್ಚುವ ಅಯೋಡಿನ್, ಕ್ಲೋರಿನ್ ದ್ರಾವಣ ಮತ್ತು ದುರ್ಬಲ ಆಮ್ಲಗಳು ಇವು. ಇವುಗಳ ಚರಿತ್ರೆ ಸ್ವಾರಸ್ಯಕರವಾದುದು.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಗಾಯಗಳಿಗೆ ಸಮಾರಿಯದವನು ಎಣ್ಣೆ ಮತ್ತು ದ್ರಾಕ್ಷಾರಸವನ್ನು ಹೊಯ್ದು ಕಟ್ಟಿದನೆಂದು ಲೂಕನ ಶುಭಸಂದೇಶದಲ್ಲಿ ಓದುತ್ತೇವೆ. ಅದು ಅಂದಿನ ಜನರು ಅರಿತಿದ್ದ ಮನೆಮದ್ದು. ದ್ರಾಕ್ಷಾರಸ ಹುಳಿಯಾದುದು, ಎಣ್ಣೆ ಬಟ್ಟೆಯನ್ನು ಗಾಯಕ್ಕೆ ಅಂಟಗೊಡದಂಥದ್ದು. ಕಾರಣ ತಿಳಿಯದಿದ್ದರೂ ಕ್ರಮ ತಿಳಿದಿತ್ತು. ಕಾರಣ ತಿಳಿಯಲು 19ನೆಯ ಶತಮಾನ ಬರಬೇಕಾಯಿತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ತಗ್ಗಿಸಿದನು. 1865ರ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್, ಗಾಡಿಯಡಿ ಸಿಲುಕಿ ಕಾಲಿನ ಮೂಳೆ ಮುರಿದ 11 ವರ್ಷದ ಬಾಲಕನ ಗಾಯವನ್ನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯಿಂದ ಕಟ್ಟಿದನು. ಕಾಲನ್ನು ಕತ್ತರಿಸುವುದೇ ಪದ್ಧತಿಯಾಗಿದ್ದ ಆ ಕಾಲದಲ್ಲಿ ಬಾಲಕ ಕಾಲುಳಿಸಿಕೊಂಡು ಮನೆಗೆ ನಡೆದನು.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದದ್ದು ಮೊದಲನೆಯ ಮಹಾಯುದ್ಧದ ಕಥೆ. ಗೊಬ್ಬರ ಹಾಕಿದ ಫ್ರಾನ್ಸಿನ ಹೊಲಗಳಲ್ಲಿ ಸಿಡಿಗುಂಡಿನ ಗಾಯಗೊಂಡು ಬಿದ್ದ ಸೈನಿಕರ ಮೈಮಾಂಸ ಕೊಳೆತುಹೋಗುತ್ತಿತ್ತು. ಕಾಂಪಿಯೇನ್ ಎಂಬಲ್ಲಿ ಹೋಟೆಲೊಂದನ್ನು ಆಸ್ಪತ್ರೆಯಾಗಿಸಿ, ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿ ಕರೆಲ್ ಮತ್ತು ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಒಂದಾದರು. (1912ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಈ ಕರೆಲ್, 1902ರಲ್ಲಿ ರೋಗಿಗಳ ರೈಲಿನಲ್ಲಿ ಲೂರ್ದಿಗೆ ಹೋಗಿ ಅಲ್ಲಿ ಕಂಡದ್ದನ್ನು ಬರೆದಿಟ್ಟವನೆಂಬುದು ನಮ್ಮ ಓದುಗರಲ್ಲಿ ಕೆಲವರಿಗೆ ನೆನಪಿರಬಹುದು.) ಡೇಕಿನ್ ಇನ್ನೂರಕ್ಕೂ ಮಿಕ್ಕ ರಾಸಾಯನಿಕಗಳನ್ನು ಪರೀಕ್ಷಿಸಿ, ಕೊನೆಗೆ ಬಟ್ಟೆಯನ್ನು ಬಿಳುಪಾಗಿಸುವ ಸೋಡಿಯಂ ಹೈಪೋಕ್ಲೋರೈಟ್ ಅನ್ನು ಆರಿಸಿಕೊಂಡನು. ಅದರ ಸುಡುವ ಗುಣವನ್ನು ತಗ್ಗಿಸಿ, ಸುಮಾರು ಶೇಕಡಾ 0.5ರಷ್ಟು ದುರ್ಬಲವಾದ ದ್ರಾವಣವನ್ನು 1915ರಲ್ಲಿ ಸಿದ್ಧಪಡಿಸಿದನು. ಅದೇ ವರ್ಷ ಎಡಿನ್‌ಬರೋದಲ್ಲಿ ಅದರ ಬಂಧುವೊಂದು ಹುಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದ ದಾದಿಯರಿಗೆ ಯೂಸಾಲ್ ಎಂಬ ಅದರ ಹೆಸರು ಚಿರಪರಿಚಿತ.

ಕರೆಲನ ಕ್ರಮದಲ್ಲಿ ದ್ರಾವಣಕ್ಕಿಂತಲೂ ಶ್ರಮ ದೊಡ್ಡದಿತ್ತು. ಮೊದಲು ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಬಳಿಕ ಗಾಯದ ಮೂಲೆಮೂಲೆಗೂ ರಬ್ಬರಿನ ಸಣ್ಣ ಕೊಳವೆಗಳನ್ನಿಟ್ಟು, ಹಗಲೂ ರಾತ್ರಿಯೂ ಎರಡೆರಡು ತಾಸಿಗೊಮ್ಮೆ ದ್ರಾವಣವನ್ನು ಹರಿಸಬೇಕು. ಕ್ಲೋರಿನ್ ಕೀವಿನ ಸಂಪರ್ಕಕ್ಕೆ ಬಂದೊಡನೆ ಬಲಗುಂದುವುದರಿಂದ ಈ ಪುನರಾವರ್ತನೆ ಅನಿವಾರ್ಯವಾಗಿತ್ತು. ಶುಚಿಗೊಳಿಸದ ಗಾಯಕ್ಕೆ ಒಮ್ಮೆ ಸುರಿದು ಬಟ್ಟೆ ಮುಚ್ಚಿದವರಿಗೆ ಫಲ ಸಿಗಲಿಲ್ಲ. ಇದೇ ಯುದ್ಧದಲ್ಲಿ ಬೊಲೋನ್ ನಗರದ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಯುವ ವೈದ್ಯನೊಬ್ಬನು ಇದನ್ನು ಬುದ್ಧಿವಂತಿಕೆಯಿಂದ ತೋರಿಸಿಕೊಟ್ಟನು. ಗಾಜಿನ ನಳಿಕೆಯನ್ನು ಕಾಯಿಸಿ ಮುಳ್ಳುಮುಳ್ಳಾಗಿ ಎಳೆದು, ಸಂದುಗೊಂದುಗಳುಳ್ಳ ಕೃತಕ ಗಾಯವೊಂದನ್ನು ನಿರ್ಮಿಸಿ, ನಂಜುನಿವಾರಕ ಅದರ ಮೂಲೆಗಳನ್ನು ತಲುಪುವುದಿಲ್ಲವೆಂದೂ, ಗಾಢವಾದರೆ ರೋಗಾಣುವಿಗಿಂತ ಮೊದಲು ದೇಹದ ರಕ್ಷಕ ಬಿಳಿಕಣಗಳನ್ನೇ ಕೊಲ್ಲುವುದೆಂದೂ ಹೇಳಿದನು. ಅವನೇ ಅಲೆಕ್ಸಾಂಡರ್ ಫ್ಲೆಮಿಂಗ್. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದವನು. 1945ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾತನಾಡುವಾಗ, ಅಲ್ಪ ಪ್ರಮಾಣದಲ್ಲಿ ಬಳಸಿದರೆ ರೋಗಾಣುಗಳು ಪೆನಿಸಿಲಿನ್ನಿಗೆ ಮಣಿಯದಂತಾಗುತ್ತವೆ ಎಂದು ಎಚ್ಚರಿಸಿದವನೂ ಅವನೇ.

ಪೆನಿಸಿಲಿನ್ ಬಂದ ಮೇಲೆ ಹಳೆಯ ಬಾಟಲಿಗಳು ಮೂಲೆ ಸೇರಿದವು. 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಯೂಸಾಲ್ ಮೊಲದ ಕಿವಿಯ ಎಳೆಯ ರಕ್ತನಾಳಗಳನ್ನು ಹಾಳುಮಾಡುವುದನ್ನು ತೋರಿಸಿದ ಬಳಿಕ, ಅದನ್ನು ಬಳಸುವುದೇ ಹಿಂದುಳಿದ ಲಕ್ಷಣವೆನಿಸಿತು. ಆ ಟೀಕೆ ಸುಳ್ಳಲ್ಲ. ಕೆಂಪಗೆ, ಹರಳುಹರಳಾಗಿ ಹೊಸ ಮಾಂಸ ಚಿಗುರುತ್ತಿರುವ ಗಾಯಕ್ಕೆ ಇಂತಹ ದ್ರವವನ್ನು ಸುರಿಯುವುದು ಸಸಿಗೆ ಬಿಸಿನೀರು ಹೊಯ್ದಂತೆ. ಆದರೆ ಕೊಳೆತ ಗಾಯಕ್ಕೂ ಚಿಗುರುವ ಗಾಯಕ್ಕೂ ಇರುವ ಭೇದವನ್ನು ಮರೆತು, ಎಲ್ಲ ಗಾಯಗಳಿಗೂ ಒಂದೇ ತೀರ್ಪನ್ನು ಅನ್ವಯಿಸಲಾಯಿತೆಂದು ನನಗನಿಸುತ್ತದೆ.

ಈಗ ಅವು ಮರಳಿ ಬಂದಿರುವುದಕ್ಕೆ ಮುಖ್ಯ ಕಾರಣ ಅವುಗಳ ಒರಟುತನವೇ. ಪ್ರತಿಜೈವಿಕ ಔಷಧ ಬೀಗದೊಳಗಿನ ಕೀಲಿಕೈಯಂತೆ ರೋಗಾಣುವಿನ ಯಾವುದೋ ಒಂದು ಅಂಗದ ಮೇಲೆ ಕೆಲಸಮಾಡುತ್ತದೆ. ರೋಗಾಣು ಬೀಗವನ್ನು ಬದಲಿಸಿಕೊಂಡರೆ ಕೀಲಿಕೈ ವ್ಯರ್ಥ. ಅಯೋಡಿನ್ ಅಥವಾ ಕ್ಲೋರಿನ್ ಹಾಗಲ್ಲ. ಅವು ಬಾಗಿಲು, ಗೋಡೆ, ಮಾಡುಗಳನ್ನೆಲ್ಲ ಒಟ್ಟಿಗೆ ಕೆಡಹುತ್ತವೆ. ಬೆಟಾಡಿನ್ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಪೊವಿಡೋನ್ ಅಯೋಡಿನ್ 1950ರ ದಶಕದಿಂದಲೂ ಬಳಕೆಯಲ್ಲಿದ್ದರೂ ರೋಗಾಣುಗಳು ಅದಕ್ಕೆ ಗಣನೀಯವಾದ ಪ್ರತಿರೋಧ ಬೆಳೆಸಿಕೊಂಡಿಲ್ಲ. ಎಲ್ಲ ನಂಜುನಿವಾರಕಗಳೂ ಇಷ್ಟು ಭಾಗ್ಯಶಾಲಿಗಳಲ್ಲ. ಕ್ಲೋರ್‌ಹೆಕ್ಸಿಡಿನ್ ಅನ್ನು ಹೊರದೂಡುವ ಶಕ್ತಿಯನ್ನು ಕೆಲವು ರೋಗಾಣುಗಳು ಗಳಿಸಿಕೊಂಡಿವೆ. ಗಾಯದ ಮೇಲೆ ಪ್ರತಿಜೈವಿಕ ಪುಡಿ ಉದುರಿಸುವುದು, ಕ್ಯಾಪ್ಸೂಲ್ ಒಡೆದು ಅದರ ಪುಡಿ ಹಾಕುವುದು ನಮ್ಮ ಕಡೆ ಈಗಲೂ ಇರುವ ರೂಢಿ. ಅದು ರೋಗಾಣುವಿಗೆ ಪ್ರತಿರೋಧದ ಪಾಠ ಕಲಿಸುವ ಶಾಲೆಯೇ ಸರಿ. ಅದನ್ನು ಬಿಡಲೇಬೇಕು.

ಆಮ್ಲಗಳ ವಿಷಯ ಇನ್ನೂ ವಿಚಿತ್ರ. ಬಹುಕಾಲದ ಗಾಯಗಳನ್ನು ಕಾಡುವ ಸ್ಯೂಡೋಮೋನಾಸ್ ಎಂಬ ರೋಗಾಣು ಬಟ್ಟೆಯ ಮೇಲೆ ಹಸಿರುಮಿಶ್ರಿತ ನೀಲಿ ಕಲೆಯನ್ನು ಉಳಿಸುತ್ತದೆ. 1882ರಲ್ಲಿ ಫ್ರಾನ್ಸಿನ ಗೆಸ್ಸಾರ್ ಈ ಕಲೆಯ ಜಾಡು ಹಿಡಿದೇ ಅದನ್ನು ಗುರುತಿಸಿದನು. ಹತ್ತಾರು ಔಷಧಗಳಿಗೆ ಮಣಿಯದ ಈ ಮೊಂಡ ಜೀವಿ ಹುಳಿಗೆ ಮಾತ್ರ ಅಂಜುತ್ತದೆ. ವಿನೆಗರಿನ ಸಾರವಾದ ಅಸಿಟಿಕ್ ಆಮ್ಲವನ್ನು ಶೇಕಡಾ 1ರ ಆಸುಪಾಸಿನ ದುರ್ಬಲ ದ್ರಾವಣವಾಗಿ ಬಟ್ಟೆಯಲ್ಲಿ ನೆನೆಸಿ ಇಡುವ ಕ್ರಮ ಬಹಳ ಹಿಂದಿನಿಂದಲೂ ಇದೆ. 2015ರಲ್ಲಿ ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಇದಕ್ಕಿಂತಲೂ ದುರ್ಬಲವಾದ ದ್ರಾವಣ ರೋಗಾಣುಗಳ ಪಾಚಿಪದರವನ್ನು ತಡೆಯುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ನಮ್ಮ ನೆರೆಯ ಲಾತೂರಿನ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು, ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವನ್ನು ಶೇಕಡಾ 3ರ ಪ್ರಮಾಣದಲ್ಲಿ ಮೊಂಡ ಗಾಯಗಳಿಗೆ ಬಳಸಿ ಹಲವು ಲೇಖನಗಳನ್ನು ಪ್ರಕಟಿಸಿದ್ದಾರೆ. ಕರಾವಳಿಯ ಕ್ರೈಸ್ತರ ಅಡುಗೆಮನೆಗಳಲ್ಲಿ ವಿನೆಗರ್ ಸದಾ ಇರುವುದರಿಂದ ಇಲ್ಲೊಂದು ಎಚ್ಚರಿಕೆ ಅವಶ್ಯ. ಇಂದಾದಿಗೆ ಹಾಕುವ ವಿನೆಗರ್ ಗಾಯಕ್ಕೆ ಹಾಕುವಂಥದ್ದಲ್ಲ. ಅದರ ಸಾಂದ್ರತೆ ಹೆಚ್ಚು, ಶುದ್ಧತೆ ಅನಿಶ್ಚಿತ. ಆಸ್ಪತ್ರೆಯ ಔಷಧಾಲಯದಲ್ಲಿ ಅಳೆದು ಸಿದ್ಧಪಡಿಸಿದ್ದನ್ನೇ ಬಳಸಬೇಕು.

ಹಾಗಾದರೆ ಇವುಗಳಿಂದ ಗಾಯ ಮಾಯುತ್ತದೆಯೇ? ಪ್ರಾಮಾಣಿಕವಾದ ಉತ್ತರವೆಂದರೆ, ಮಾಯಿಸುವ ಶಕ್ತಿಗೆ ಬಲವಾದ ಪುರಾವೆಗಳು ಕಡಿಮೆ. ಕಾಲಿನ ಅಭಿಧಮನಿಗಳು ಉಬ್ಬಿ ಉಂಟಾಗುವ ಹುಣ್ಣುಗಳಲ್ಲಿ ಕ್ಯಾಡೆಕ್ಸೋಮರ್ ಎಂಬ ವಿಶೇಷ ರೂಪದ ಅಯೋಡಿನ್ ಸ್ವಲ್ಪ ಪ್ರಯೋಜನಕಾರಿ ಎಂದು ತೋರಿದೆ. ಹಾಸಿಗೆ ಹುಣ್ಣುಗಳ ಅಧ್ಯಯನಗಳು ಅಂತಹ ಭರವಸೆಯನ್ನು ಕೊಟ್ಟಿಲ್ಲ. ಮಧುಮೇಹದ ಪಾದವ್ರಣದಲ್ಲಿ ಸೋಂಕಿನ ಚಿಕಿತ್ಸೆಗೆ ಇವನ್ನು ನೆಚ್ಚಬೇಡಿರೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಡೆದಾಡಬಲ್ಲ, ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲ ರೋಗಿಗೆ ಆ ಮಾತು ಯುಕ್ತವಾದುದು.

ಆದರೆ ತೀರಾ ನಿಶ್ಶಕ್ತರಾದವರ ಲೆಕ್ಕಾಚಾರವೇ ಬೇರೆ. ಅವರಿಗೆ ಪ್ರಬಲ ಔಷಧಗಳ ಒಂದು ಸುತ್ತು ಮುಗಿಯುವುದರೊಳಗೆ ಊಟ ಸೇರದು. ಕರುಳಿನ ಒಳ್ಳೆಯ ಜೀವಿಗಳು ನಾಶವಾಗಿ ಭೇದಿ ಹಿಡಿಯುತ್ತದೆ. ಭೇದಿಯಾದರೆ ಸೊಂಟದ ಹುಣ್ಣು ಮತ್ತಷ್ಟು ಮಲಿನವಾಗುತ್ತದೆ. ಹೀಗೆ ಮದ್ದೇ ಗಾಯವನ್ನು ದೊಡ್ಡದಾಗಿಸುವುದುಂಟು. ಅಲ್ಲಿ ಗುರಿ ಗಾಯವನ್ನು ಮುಚ್ಚುವುದಲ್ಲ. ಅದು ಹರಡದಂತೆ, ಒಸರದಂತೆ, ನಾರದಂತೆ, ನೋಯದಂತೆ ಇಟ್ಟುಕೊಳ್ಳುವುದು ಗುರಿ. ಇದನ್ನು ಸೋಲೆಂದು ತಿಳಿಯುವ ಮನೆಯವರೂ ಇದ್ದಾರೆ, ವೈದ್ಯರೂ ಇದ್ದಾರೆ. ರಕ್ತಸಂಚಾರ ನಿಂತು ಕಪ್ಪಾಗಿ ಒಣಗಿದ ಬೆರಳಿಗೆ ದಿನಕ್ಕೊಮ್ಮೆ ಅಯೋಡಿನ್ ಹಚ್ಚಿ ಒಣಗಿಸಿಯೇ ಇಡುವುದರಿಂದ, ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರು ಉಳಿದ ದಿನಗಳನ್ನು ಮನೆಯಲ್ಲೇ ಶಾಂತವಾಗಿ ಕಳೆಯಬಹುದು. ಅದು ಸೋಲೆಂದು ನಾನು ಒಪ್ಪುವುದಿಲ್ಲ.

ದುರ್ವಾಸನೆಯ ಮಾತನ್ನು ವೈದ್ಯಕೀಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಮನೆಯಲ್ಲಿ ಅದು ಒಂದು ಸಾಲಿನ ವಿಷಯವಲ್ಲ. ಮೊಮ್ಮಕ್ಕಳು ಕೋಣೆಗೆ ಬರಲು ಹಿಂಜರಿಯುತ್ತಾರೆ. ನೆರೆಯವರ ಭೇಟಿ ಹೊಸ್ತಿಲಲ್ಲೇ ಮುಗಿಯುತ್ತದೆ. ಪರಮಪ್ರಸಾದ ತರುವ ಗುರುಗಳು ಬರುವ ದಿನ ಅಜ್ಜಿ ನಾಚಿಕೆಯಿಂದ ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ. ಗಾಯದಲ್ಲಿ ಆಮ್ಲಜನಕವಿಲ್ಲದೆ ಬದುಕುವ ರೋಗಾಣುಗಳೇ ಈ ವಾಸನೆಯ ಮೂಲ. ಕ್ಲೋರಿನ್ ದ್ರಾವಣದ ಪಟ್ಟಿಯಿಂದ ಕೆಲವೇ ದಿನಗಳಲ್ಲಿ ಅದು ತಗ್ಗುವುದುಂಟು. ಕ್ಯಾನ್ಸರಿನಿಂದ ಒಡೆದ ಹುಣ್ಣುಗಳಿಗೆ ಮೆಟ್ರೊನಿಡಜೋಲ್ ಗುಳಿಗೆಯನ್ನು ಪುಡಿಮಾಡಿ ಹಾಕುವ ಸುಲಭ ಕ್ರಮವನ್ನು ಉಪಶಾಮಕ ಚಿಕಿತ್ಸೆಯ ದಾದಿಯರು ಅನುಸರಿಸುತ್ತಾರೆ. ಪ್ರತಿಜೈವಿಕ ಪುಡಿಯನ್ನು ಗಾಯಕ್ಕೆ ಹಾಕಬಾರದೆಂಬ ಮೇಲಿನ ಮಾತಿಗೆ ಇದೊಂದು ಅಪವಾದ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಚಿಕ್ಕದಾಗಿ ಆರಂಭವಾಗಿ ಕೇರಳದಾದ್ಯಂತ ಹಬ್ಬಿದ ಉಪಶಾಮಕ ಸೇವೆ, ನೆರೆಹೊರೆಯ ಸ್ವಯಂಸೇವಕರಿಗೇ ಇಂತಹ ಆರೈಕೆಯನ್ನು ಕಲಿಸಬಹುದೆಂಬುದನ್ನು ತೋರಿಸಿದೆ. ರೋಗಿಗಳ ಭೇಟಿಗೆ ಹೋಗುವ ನಮ್ಮ ಧರ್ಮಕೇಂದ್ರಗಳ ಸಂಘಗಳು ಹಣ್ಣಿನ ಪೊಟ್ಟಣದ ಜೊತೆಗೆ ಈ ವಿದ್ಯೆಯನ್ನೂ ಕೊಂಡೊಯ್ಯಬಾರದೇಕೆ?

ಪಟ್ಟಿ ಬದಲಿಸುವ ಕ್ರಮದ ಬಗ್ಗೆ ಎರಡು ಮಾತು. ನೋವಿನ ಗುಳಿಗೆಯನ್ನು ಅರ್ಧ ತಾಸು ಮುಂಚೆ ಕೊಡಬೇಕು. ಅಂಟಿಕೊಂಡ ಬಟ್ಟೆಯನ್ನು ಎಳೆಯದೆ, ಕುದಿಸಿ ಆರಿಸಿದ ನೀರಿನಿಂದ ನೆನೆಸಿ ಬಿಡಿಸಬೇಕು. ಮೊದಲು ಗಾಯವನ್ನು ತೊಳೆದು, ಬಳಿಕ ನಂಜುನಿವಾರಕದಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕು; ಸುಮ್ಮನೆ ಸವರಿ ಒರೆಸಿದರೆ ಪ್ರಯೋಜನವಿಲ್ಲ. ಸತ್ತ ಮಾಂಸವನ್ನು ತೆಗೆಯುವುದು ಕಲಿತವರ ಕೆಲಸ. ಕ್ಲೋರಿನ್ ದ್ರಾವಣವನ್ನೂ ಆಮ್ಲವನ್ನೂ ಎಂದೂ ಬೆರೆಸಕೂಡದು, ಒಂದರ ಮೇಲೊಂದು ಹಾಕಲೂಕೂಡದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಶೌಚಾಲಯ ತೊಳೆಯುವ ಬ್ಲೀಚನ್ನು ಅಂದಾಜಿನಿಂದ ನೀರು ಬೆರೆಸಿ ಬಳಸುವುದೂ ಅಪಾಯ. ಥೈರಾಯ್ಡ್ ತೊಂದರೆಯಿರುವವರಿಗೆ, ಮೂತ್ರಪಿಂಡ ಕೆಟ್ಟವರಿಗೆ, ವಿಶಾಲವಾದ ಗಾಯಗಳಿಗೆ ಅಯೋಡಿನ್ ಅನ್ನು ಬಹುದಿನ ಹಚ್ಚಬಾರದು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ಆಳವಾದ ಕುಹರಕ್ಕೆ ಹಿಂಡಿದರೆ ಗಾಳಿಯ ಗುಳ್ಳೆ ರಕ್ತನಾಳವನ್ನು ಸೇರಬಹುದು. ಯಾವುದೇ ನಂಜುನಿವಾರಕವನ್ನಾದರೂ ಎರಡು ವಾರಗಳ ಬಳಿಕ ವೈದ್ಯರಿಗೆ ತೋರಿಸಿ, ಮುಂದುವರಿಸಬೇಕೇ ಎಂದು ಕೇಳಬೇಕು. ಗಾಯದ ತಳ ಕೆಂಪಾಗಿ ಶುಚಿಯಾಗಿದ್ದರೆ ನಿಲ್ಲಿಸುವುದೇ ಲೇಸು.

ಇಷ್ಟೆಲ್ಲ ಹೇಳಿದರೂ, ಗಾಯದ ಮೇಲೆ ಏನು ಹಾಕುತ್ತೇವೆ ಎಂಬುದಕ್ಕಿಂತ ಗಾಯದ ಮೇಲಿನಿಂದ ಏನನ್ನು ತೆಗೆಯುತ್ತೇವೆ ಎಂಬುದು ಮುಖ್ಯ. ತೆಗೆಯಬೇಕಾದದ್ದು ಭಾರ. ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಮುಖ್ಯನು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅವರ ಪಾದದ ಹುಣ್ಣು ಮಾಯುವುದೇ ಇಲ್ಲ ಎಂಬುದು ಅಂದಿನ ನಂಬಿಕೆಯಾಗಿತ್ತು. ಬ್ರಾಂಡ್ ಪಾದಕ್ಕೆ ಪ್ಲಾಸ್ಟರ್ ಕಟ್ಟಿ ವಿಶ್ರಾಂತಿ ಕೊಟ್ಟಾಗ ಅದೇ ಹುಣ್ಣುಗಳು ಮಾಯ್ದವು. ನೋವಿನ ಅರಿವಿಲ್ಲದೆ ಗಾಯದ ಮೇಲೆಯೇ ನಡೆಯುತ್ತಿದ್ದುದೇ ಅವು ಮಾಯದಿರಲು ಕಾರಣವಾಗಿತ್ತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಾಗ ಪೆನಿಸಿಲಿನ್ ಇರಲಿಲ್ಲ. ತೊಳೆದು ಪಟ್ಟಿ ಕಟ್ಟುವ ಕೈಗಳು, ಮಲಗಲೊಂದು ಹಾಸಿಗೆ, ಹೊಟ್ಟೆಗೆ ಅನ್ನ ಇವೇ ಆ ಕಾಲದ ಆರೈಕೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಡಿ ದಿಂಬಿಡುವುದು, ಗಾಳಿ ತುಂಬಿದ ಹಾಸಿಗೆ ಬಳಸುವುದು, ಮೊಟ್ಟೆ, ಮೀನು, ಬೇಳೆಗಳಿಂದ ಮಾಂಸ ಬೆಳೆಯುವ ಆಹಾರ ಕೊಡುವುದು, ಸಕ್ಕರೆಯ ಅಂಶವನ್ನು ಹತೋಟಿಯಲ್ಲಿಡುವುದು ಇವಿಲ್ಲದೆ ಅಯೋಡಿನ್ನಿನ ಬಾಟಲಿ ಎಷ್ಟು ಖಾಲಿಯಾದರೂ ಗಾಯ ಅಲ್ಲಿಯೇ ಇರುತ್ತದೆ.

ಮನೆಯ ಆರೈಕೆಗೆ ಒಂದು ಮೇರೆಯೂ ಇದೆ. ಗಾಯದ ಸುತ್ತಲಿನ ಚರ್ಮದ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಮುಟ್ಟಿದಾಗ ಬಿಸಿಯೆನಿಸಿದರೆ, ತಳದಲ್ಲಿ ಮೂಳೆ ಕಂಡರೆ, ಚಳಿಜ್ವರ ಬಂದರೆ ನಂಜು ಒಳಗೆ ಇಳಿದಿದೆಯೆಂದು ತಿಳಿಯಬೇಕು. ಆಗ ನಂಜುನಿವಾರಕ ಸಾಲದು, ಪ್ರತಿಜೈವಿಕ ಔಷಧವೇ ಬೇಕು, ಅದೂ ವಿಳಂಬವಿಲ್ಲದೆ. ಬಹಳ ವಯಸ್ಸಾದವರಲ್ಲಿ ಜ್ವರ ಕಾಣಿಸಿಕೊಳ್ಳದೆಯೂ ಇರಬಹುದು. ನಿನ್ನೆಯವರೆಗೆ ಎಲ್ಲರನ್ನೂ ಗುರುತಿಸುತ್ತಿದ್ದವರು ಇಂದು ಮಾತು ತಪ್ಪಿ ಆಡಿದರೆ, ಮಂಪರಿನಲ್ಲಿದ್ದರೆ, ಉಸಿರಾಟ ಬಿರುಸಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಮರುದಿನಕ್ಕೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಹಿಂದಿನ ಕೀವಿನ ವರದಿಗಳನ್ನೂ, ಈವರೆಗೆ ಕೊಟ್ಟ ಔಷಧಗಳ ಚೀಟಿಗಳನ್ನೂ ಜೊತೆಯಲ್ಲಿ ಒಯ್ದರೆ, ಯಾವ ಔಷಧ ಇನ್ನೂ ಉಳಿದಿದೆ ಎಂಬುದನ್ನು ವೈದ್ಯರು ಅಲ್ಲಿಯೇ ನಿರ್ಧರಿಸಬಹುದು.